ಕಾಲೇಜಿನ ಅರ್ಜಿ: ಮನೆಯವರು ಕೂಡಿ ಕುಳಿತು ತುಂಬಬೇಕಾದದ್ದು



ಒಂದು ಭಾನುವಾರ ಬಲಿಪೂಜೆ ಮುಗಿದು ಜನ ಚದುರುತ್ತಿದ್ದ ಹೊತ್ತು. ಗಾರೆ ಕೆಲಸ ಮಾಡುವ ನಮ್ಮ ಧರ್ಮಕೇಂದ್ರದ ಒಬ್ಬ ತಂದೆ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನನಗಾಗಿ ಕಾಯುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಗಳು.

"ಸ್ವಾಮಿ, ಹುಡುಗಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಆದರೆ ಸಿಕ್ಕಿರೋದು ಇನ್ನೂರು ಕಿಲೋಮೀಟರ್ ಆಚೆ, ಖಾಸಗಿ ಕಾಲೇಜು. ಫೀಸು ಹೇಗೋ ಹೊಂದಿಸಿದೆ. ಹಾಸ್ಟೆಲ್‌ಗೆ ಎಲ್ಲಿಂದ ತರಲಿ?"

ಅರ್ಜಿ ಯಾರು ತುಂಬಿದರು ಎಂದು ಕೇಳಿದೆ. "ಸೈಬರ್ ಅಂಗಡಿಯವನೇ ಎಲ್ಲ ಹಾಕಿಕೊಟ್ಟ" ಎಂದರು. ಮನೆಯೊಳಗೆ ಕರೆದು ಕೂರಿಸಿ, ಹಿಂದಿನ ವರ್ಷ ಯಾವ ಕಾಲೇಜಿನ ಸೀಟು ಯಾವ ರ‍್ಯಾಂಕಿಗೆ ಮುಗಿದಿತ್ತು ಎಂಬ ಪಟ್ಟಿಯನ್ನು ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ತೆರೆದೆವು. ಆ ಹುಡುಗಿಯ ರ‍್ಯಾಂಕಿಗೆ, ದಿನವೂ ಬಸ್ಸಿನಲ್ಲಿ ಹೋಗಿ ಬರಬಹುದಾದ ಸರ್ಕಾರಿ ಕಾಲೇಜಿನಲ್ಲಿ ಅದೇ ವಿಷಯ ಸಿಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಆ ಕಾಲೇಜು ಅವಳ ಪಟ್ಟಿಯಲ್ಲೂ ಇತ್ತು, ಹದಿನಾಲ್ಕನೆಯದಾಗಿ. ದೂರದ ಕಾಲೇಜು ಮೂರನೆಯದು. ಗಣಕಯಂತ್ರ ತನಗೆ ಹೇಳಿದ್ದನ್ನೇ ಮಾಡಿತ್ತು. ಹೇಳಿದವನು ಮಾತ್ರ ಆ ಮನೆಯವನಲ್ಲ.

ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ. ನಾವು ಓದುವ ಕಾಲದಲ್ಲಿ ಕಾಲೇಜಿನ ವಿಚಾರ ತಿಳಿಯಬೇಕಾದರೆ ಪರಿಚಯದವರು ಬೇಕಿತ್ತು, ಪಟ್ಟಣಕ್ಕೆ ಹೋಗಿ ಸಾಲಿನಲ್ಲಿ ನಿಂತು ಅರ್ಜಿ ತರಬೇಕಿತ್ತು. ಇಂದು ಸೀಟು, ಶುಲ್ಕ, ವಿದ್ಯಾರ್ಥಿವೇತನ, ಸಾಲ ಎಲ್ಲದರ ವಿವರವೂ ಕೈಯಲ್ಲಿರುವ ಫೋನಿನಲ್ಲೇ ಇದೆ, ಅದೂ ಪುಕ್ಕಟೆಯಾಗಿ. ಆದರೂ ನಮ್ಮ ಎಷ್ಟೋ ಕುಟುಂಬಗಳು ಮಕ್ಕಳ ನಾಲ್ಕು ವರ್ಷದ ಬದುಕನ್ನು ಇನ್ನೂರು ರೂಪಾಯಿ ಕೊಟ್ಟು ಅಪರಿಚಿತನೊಬ್ಬನ ಕೈಗೆ ಒಪ್ಪಿಸಿಬಿಡುತ್ತವೆ. ಸೈಬರ್ ಅಂಗಡಿಯವರನ್ನು ನಾನು ದೂರುತ್ತಿಲ್ಲ. ಅವರ ಕೆಲಸ ಟೈಪು ಮಾಡುವುದು. ತೀರ್ಮಾನ ಮಾಡುವುದು ನಿಮ್ಮ ಕೆಲಸ.

ಮೊದಲು ಹೆಸರು

ಕಾಲೇಜಿನ ತಯಾರಿ ಎರಡನೇ ಪಿಯುಸಿ ಫಲಿತಾಂಶದ ದಿನ ಆರಂಭವಾಗುವುದಲ್ಲ. ಮೊದಲನೇ ಪಿಯುಸಿಯಲ್ಲಿಯೇ ಒಂದು ಸಂಜೆ ಮಗುವಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಈ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಓದಿರಿ.

ನಮ್ಮವರಲ್ಲಿ ಈ ತೊಂದರೆ ತುಸು ಹೆಚ್ಚೇ. ದೀಕ್ಷಾಸ್ನಾನದ ದಾಖಲೆಯಲ್ಲಿ ಚೌರಪ್ಪ, ಶಾಲೆಯಲ್ಲಿ ಜೇವಿಯರ್, ಆಧಾರ್‌ನಲ್ಲಿ ಕ್ಸೇವಿಯರ್ ಎಸ್., ಮನೆಯಲ್ಲಿ ರಾಜು. ಜೋಜಪ್ಪನೂ ಜೋಸೆಫನೂ ಒಬ್ಬನೇ ಎಂಬುದು ನನಗೆ ಗೊತ್ತು, ನಿಮಗೆ ಗೊತ್ತು, ಗಣಕಯಂತ್ರಕ್ಕೆ ಗೊತ್ತಿಲ್ಲ. ಒಂದು ಇನಿಷಿಯಲ್ ಹಿಂದುಮುಂದಾದರೂ ವಿದ್ಯಾರ್ಥಿವೇತನದ ಅರ್ಜಿ ತಾಳೆಯಾಗದೆ ನಿಂತುಬಿಡಬಹುದು. ಅಂಕಪಟ್ಟಿಯ ಹೆಸರನ್ನು ತಿದ್ದಿಸುವುದು ಬಹಳ ಓಡಾಟದ ಕೆಲಸ. ಆಧಾರ್‌ನಲ್ಲಿರುವುದನ್ನು ಅಂಕಪಟ್ಟಿಯಂತೆ ತಿದ್ದಿಸುವುದು ಸಾಮಾನ್ಯವಾಗಿ ಸುಲಭ. ಸಮಯವಿರುವಾಗಲೇ ಮಾಡಿಸಿ.

ಆಮೇಲೆ ಪ್ರಮಾಣಪತ್ರಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿಯೋ ಅದರ ಜಾಲತಾಣದಲ್ಲಿಯೋ ಅರ್ಜಿ ಹಾಕಿ ಪಡೆಯಬೇಕು. ಅದರ ಮೇಲೆ ಆರ್.ಡಿ. ಎಂದು ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಯಲ್ಲೂ ವಿದ್ಯಾರ್ಥಿವೇತನದ ಅರ್ಜಿಯಲ್ಲೂ ಕೇಳುವುದು ಆ ಸಂಖ್ಯೆಯನ್ನೇ. ಕ್ರೈಸ್ತರು ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ ಯಲ್ಲಿದ್ದಾರೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಇದು ಗೊತ್ತಿಲ್ಲದೆ "ನಮಗೇನೂ ಇಲ್ಲ ಬಿಡಿ" ಎಂದು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿದವರನ್ನು ನಾನು ಕಂಡಿದ್ದೇನೆ. ಅಲ್ಪಸಂಖ್ಯಾತರ ಪ್ರಮಾಣಪತ್ರ ಬೇರೆ, ಅದನ್ನು ಕೊಡುವವರೂ ಕಂದಾಯ ಇಲಾಖೆಯವರೇ. ನಾನು ಕೊಡುವ ದೀಕ್ಷಾಸ್ನಾನದ ಪತ್ರ ಅದಕ್ಕೆ ಪೂರಕ ದಾಖಲೆ ಆಗಬಹುದೇ ಹೊರತು ಅದರ ಬದಲಿಗೆ ನಡೆಯುವುದಿಲ್ಲ.

ಹಳ್ಳಿಯ ಕುಟುಂಬಗಳಿಗೆ ಇನ್ನೊಂದು ಮಾತು. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಇದಕ್ಕೆ ಶಾಲೆಯ ವ್ಯಾಸಂಗ ಪತ್ರವೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವೂ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೀಗ. ಮುಖ್ಯೋಪಾಧ್ಯಾಯರನ್ನು ಊರೂರು ಹುಡುಕುವ ಬದಲು ಫೆಬ್ರವರಿಯಲ್ಲೇ ಹೋಗಿ ಬನ್ನಿ.

ಕಾಲೇಜು ಯಾವುದು, ಕೋರ್ಸು ಯಾವುದು

ರಸ್ತೆ ಬದಿಯ ದೊಡ್ಡ ಫಲಕದಲ್ಲಿ ಕಾಲೇಜು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಂಜಿನಿಯರಿಂಗ್, ಡಿಪ್ಲೊಮಾ ಕಾಲೇಜಾದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಜಾಲತಾಣದಲ್ಲಿ ಅದರ ಹೆಸರಿದೆಯೇ ನೋಡಿ. ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ಸೇರುವ ನರ್ಸಿಂಗ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿ ನೋಡಿ. ದೂರದ ಊರಿನ ವಿಶ್ವವಿದ್ಯಾಲಯವೆಂದು ಯಾರಾದರೂ ಹೇಳಿದರೆ, ವಿಶ್ವವಿದ್ಯಾಲಯ ಧನಸಹಾಯ ಆಯೋಗ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೊಂದನ್ನು ಪ್ರಕಟಿಸುತ್ತದೆ, ಅದನ್ನು ಓದಿ. ಇದಕ್ಕೆ ಹಿಡಿಯುವುದು ಅರ್ಧ ಗಂಟೆ. ಬಸ್ ನಿಲ್ದಾಣದಲ್ಲಿ ಕೈಗೆ ಚೀಟಿ ಕೊಡುವ ಏಜೆಂಟರು ಇದನ್ನು ನೋಡಿ ಎಂದು ನಿಮಗೆ ಎಂದೂ ಹೇಳುವುದಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಶ್ರೇಣಿಪಟ್ಟಿ 2016ರಿಂದ ಬರುತ್ತಿದೆ. ಅದರ ಅಂಕೆಗಳಿಗಾಗಿ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮೂವತ್ತನೆಯದಕ್ಕೂ ನಲವತ್ತೈದನೆಯದಕ್ಕೂ ಇರುವ ವ್ಯತ್ಯಾಸ ನಿಮ್ಮ ಮಗುವಿಗೆ ಎಷ್ಟು ಮುಖ್ಯವೋ ನನಗೆ ತಿಳಿಯದು. ಆದರೆ ಅದಕ್ಕಾಗಿ ಕಾಲೇಜುಗಳು ಸಲ್ಲಿಸಿದ ವಿವರಪತ್ರಗಳು ಅಲ್ಲಿ ತೆರೆದಿವೆ. ಎಷ್ಟು ಮಕ್ಕಳು ಪಾಸಾದರು, ಎಷ್ಟು ಮಂದಿಗೆ ಕೆಲಸವಾಯಿತು, ಅವರ ನಡುಮಟ್ಟದ ಸಂಬಳ ಎಷ್ಟು ಎಂಬುದು ಅದರಲ್ಲಿರುತ್ತದೆ. ನಡುಮಟ್ಟದ ಸಂಬಳವೆಂದರೆ, ಕೆಲಸ ಸಿಕ್ಕವರಲ್ಲಿ ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ. ಫಲಕದ ಮೇಲೆ ಬರೆಸುವುದು ಒಬ್ಬನೇ ಒಬ್ಬನ ಸಂಬಳವನ್ನು. ನೀವು ಸಾಲ ಮಾಡುವಾಗ ನೆನಪಿನಲ್ಲಿಡಬೇಕಾದದ್ದು ನಡುವಿನವನ ಸಂಬಳವನ್ನು.

ಇನ್ನು ಸಿಇಟಿ. ಪರೀಕ್ಷೆ ಬರೆಯುವುದಕ್ಕೆ ಮಕ್ಕಳು ಎರಡು ವರ್ಷ ಓದುತ್ತಾರೆ. ಆದ್ಯತಾ ಪಟ್ಟಿ ತುಂಬುವುದಕ್ಕೆ ಎರಡು ಗಂಟೆಯನ್ನೂ ಕೊಡುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕ್ರಮ ಇಷ್ಟೆ: ನೀವು ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ನಿಮ್ಮ ರ‍್ಯಾಂಕಿಗೆ ಮೊದಲು ಎಲ್ಲಿ ಸೀಟು ಇದೆಯೋ ಅದನ್ನು ಕೊಡುತ್ತಾರೆ. ಅದರ ಕೆಳಗಿನವುಗಳಿಗೆ ಆಮೇಲೆ ಬೆಲೆಯಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಎಷ್ಟು ಕಾಲೇಜು ಇವೆ ಎಂಬುದಕ್ಕಿಂತ ಯಾವುದರ ಮೇಲೆ ಯಾವುದು ಇದೆ ಎಂಬುದು ಮುಖ್ಯ. ಹಿಂದಿನ ವರ್ಷದ ಕಡೆಯ ರ‍್ಯಾಂಕು, ಕಾಲೇಜಿನ ಶುಲ್ಕ, ಊರಿಗೆ ಬಸ್ಸು, ಹಾಸ್ಟೆಲ್ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದು, ಅಪ್ಪ ಅಮ್ಮ ಮಗು ಕೂಡಿ ಪೆನ್ಸಿಲ್‌ನಲ್ಲಿ ಕ್ರಮಸಂಖ್ಯೆ ಹಾಕಿ. ಹೋಗಲು ಮನಸ್ಸಿಲ್ಲದ, ಕಳಿಸಲು ಶಕ್ತಿಯಿಲ್ಲದ ಕಾಲೇಜನ್ನು "ಇರಲಿ" ಎಂದು ಸೇರಿಸಬೇಡಿ. ಆ ಇರಲಿ ಎಂದದ್ದೇ ಒಮ್ಮೊಮ್ಮೆ ಸಿಕ್ಕಿಬಿಡುತ್ತದೆ.

ನಿಜವಾದ ಹಂಚಿಕೆಗೆ ಮೊದಲು ಅಣಕು ಸೀಟು ಹಂಚಿಕೆ ಎಂದು ಒಂದು ಮಾಡುತ್ತಾರೆ. ಈಗಿನ ಪಟ್ಟಿಯಂತೆ ಹೋದರೆ ಏನು ಸಿಗಬಹುದು ಎಂದು ತೋರಿಸುವ ಕನ್ನಡಿ ಅದು. ಅದನ್ನು ನೋಡಿದ ಮೇಲೆ ಪಟ್ಟಿಯನ್ನು ಬದಲಿಸಲು ಅವಕಾಶ ಕೊಡುತ್ತಾರೆ. ಗಾರೆ ಕೆಲಸದವರ ಮಗಳ ವಿಷಯದಲ್ಲಿ ಅಣಕು ಹಂಚಿಕೆಯಲ್ಲೇ ದೂರದ ಕಾಲೇಜು ಬಂದಿತ್ತು. ಯಾರೂ ತೆರೆದು ನೋಡಲಿಲ್ಲ. ಆ ದಿನ ಹದಿನಾಲ್ಕನೆಯದನ್ನು ಮೇಲಕ್ಕೆ ತಂದಿದ್ದರೆ ಸಾಕಾಗಿತ್ತು.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆ ಕೊಡುತ್ತಾರೆ. ಮೊದಲನೆಯದು, ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ. ಎರಡನೆಯದು, ಇದು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದು. ಹಾಗೆ ಮೇಲಿನದು ಸಿಕ್ಕಿತೆಂದರೆ ಹಿಂದಿನದು ತಾನಾಗಿ ಹೋಗುತ್ತದೆ. ಮೂರನೆಯದು, ಈ ಸೀಟು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೆಯದು, ನನಗೆ ಯಾವುದೂ ಬೇಡ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಮೂರನ್ನು ಒತ್ತಿದವರ ಕೈಯಲ್ಲಿ ಆ ಕ್ಷಣದಿಂದ ಸೀಟು ಇಲ್ಲ. ನಿಯಮಗಳಲ್ಲಿ ವರ್ಷದಿಂದ ವರ್ಷಕ್ಕೆ ಸಣ್ಣಪುಟ್ಟ ಬದಲಾವಣೆ ಆಗುವುದುಂಟು, ಆ ವರ್ಷದ ಸೂಚನೆಯನ್ನು ಓದಿಯೇ ಒತ್ತಿ. ಮತ್ತು ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆ ನಿಮ್ಮ ಮನೆಯದೇ ಆಗಿರಲಿ. ಒಟಿಪಿ ಅಂಗಡಿಯವನ ಫೋನಿಗೆ ಹೋದರೆ ಬೀಗದ ಕೈಯನ್ನು ಅಲ್ಲೇ ಬಿಟ್ಟು ಬಂದಂತೆ.

ದುಡ್ಡಿನ ಮಾತು

ವಿದ್ಯಾರ್ಥಿವೇತನಕ್ಕೆ ಮುಖ್ಯವಾಗಿ ಎರಡು ಬಾಗಿಲು. ಒಂದು ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶ, ಎಸ್‌ಎಸ್‌ಪಿ. ಇನ್ನೊಂದು 2015ರಲ್ಲಿ ಆರಂಭವಾದ ರಾಷ್ಟ್ರೀಯ ವಿದ್ಯಾರ್ಥಿವೇತನ ತಂತ್ರಾಂಶ, ಎನ್‌ಎಸ್‌ಪಿ. ಎರಡರ ವಿಳಾಸವೂ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಹಾಗೆ ಮುಗಿಯದ, ನೋಂದಣಿಗೆ ದುಡ್ಡು ಕೇಳುವ ಜಾಗವನ್ನು ಸಂಶಯದಿಂದ ನೋಡಿ. ಬಡ ಮಗುವಿಗೆ ದುಡ್ಡು ಕೊಡುವೆನೆನ್ನುವವರು ಮೊದಲು ಆ ಮಗುವಿನಿಂದಲೇ ದುಡ್ಡು ಕೇಳುವುದೆಂದರೇನು?

ಕೇಂದ್ರದ ಯೋಜನೆಗಳಲ್ಲಿ ನಮ್ಮವರು ಹೆಚ್ಚು ಬಳಸದ ಒಂದಿದೆ. ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 20ರಷ್ಟು ವಿದ್ಯಾರ್ಥಿಗಳ ಸಾಲಿಗೆ ಸೇರಿದ, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದ ಮಕ್ಕಳಿಗಾಗಿ ಇರುವ ಕೇಂದ್ರೀಯ ವಿದ್ಯಾರ್ಥಿವೇತನ. ಪದವಿಯ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ. ಯಾವ ಜಾತಿ ಮತದವರೂ ಅರ್ಜಿ ಹಾಕಬಹುದು, ಅರ್ಧದಷ್ಟು ಹೆಣ್ಣುಮಕ್ಕಳಿಗೆ. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ಶೇ. 50 ಅಂಕವೂ ಶೇ. 75 ಹಾಜರಾತಿಯೂ ಬೇಕು. ಮೊದಲ ವರ್ಷ ಪಡೆದು ಎರಡನೇ ವರ್ಷ ನವೀಕರಿಸಲು ಮರೆತವರು ಎಷ್ಟೋ ಜನ.

ಸರ್ಕಾರಿ ಶಾಲೆ ಕಾಲೇಜುಗಳಲ್ಲೇ ಹತ್ತನೇ ತರಗತಿಯನ್ನೂ ಪಿಯುಸಿಯನ್ನೂ ಮುಗಿಸಿ ಪದವಿಗೋ ಡಿಪ್ಲೊಮಾಗೋ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು 2025ರಲ್ಲಿ ನಮ್ಮ ರಾಜ್ಯಕ್ಕೂ ಬಂತು, ವರ್ಷಕ್ಕೆ 30,000 ರೂಪಾಯಿ. ಇಂಜಿನಿಯರಿಂಗ್‌ನಲ್ಲಿ, ವಾರ್ಷಿಕ ಆದಾಯ ಎಂಟು ಲಕ್ಷಕ್ಕಿಂತ ಕಡಿಮೆಯಿರುವವರಿಗಾಗಿ ಬೋಧನಾ ಶುಲ್ಕವಿಲ್ಲದ ಶೇ. 5 ಹೆಚ್ಚುವರಿ ಸೀಟುಗಳಿವೆ. ಎಸ್‌ಎನ್‌ಕ್ಯೂ ಎನ್ನುತ್ತಾರೆ. ಸಿಇಟಿ ಅರ್ಜಿಯಲ್ಲಿ ಅದಕ್ಕೆ ಹೌದು ಎಂದು ಗುರುತು ಹಾಕಿರಬೇಕು, ಅಷ್ಟೆ. ಸಿಇಟಿ, ನೀಟ್ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ರೂಪುಗೊಂಡದ್ದು ಶೇ. 2ರ ಸೇವಾ ಶುಲ್ಕದ ಮೇಲೆ. ಬ್ಯಾಂಕಿನ ಬಾಗಿಲಿಗೆ ಹೋಗುವ ಮುನ್ನ ಇದನ್ನು ವಿಚಾರಿಸಿ.

ಆದರೆ ಹಳೆಯ ಕಾಗದವನ್ನು ನಂಬಬೇಡಿ, ಚರ್ಚಿನ ನೋಟಿಸು ಹಲಗೆಯ ಮೇಲಿದ್ದರೂ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು ಒಂದರಿಂದ ಎಂಟನೇ ತರಗತಿಯವರಿಗೆ ನಿಲ್ಲಿಸಿತು. ನಮ್ಮ ಹಲಗೆಯ ಮೇಲೆ ಆ ಹಾಳೆ ಮುಂದಿನ ವರ್ಷವೂ ನೇತಾಡುತ್ತಿತ್ತು. ತಪ್ಪು ನನ್ನದೇ. ಮೂರು ತಾಯಂದಿರು ಅದನ್ನು ನೋಡಿ ಕೂಲಿ ಬಿಟ್ಟು ತಾಲೂಕು ಕೇಂದ್ರಕ್ಕೆ ಹೋಗಿ ಬಂದರು.

ಆದಾಯ ಪ್ರಮಾಣಪತ್ರದಲ್ಲಿ ಸುಳ್ಳು ಬರೆಸುವ ವಿಚಾರವನ್ನು ಪಾಪನಿವೇದನೆಯ ಪೀಠದಲ್ಲಿ ಮಾತ್ರ ಮಾತನಾಡಿದರೆ ಸಾಲದು. ಎರಡು ಮಹಡಿ ಮನೆಯವರು ಕಡಿಮೆ ಆದಾಯ ತೋರಿಸಿ ಪಡೆದ ಸೀಟು ಗಾಳಿಯಿಂದ ಬಂದದ್ದಲ್ಲ. ಸಾಲಿನಲ್ಲಿ ಅವರ ಹಿಂದೆ ಒಂದು ಮಗು ನಿಂತಿತ್ತು.

ಶಿಕ್ಷಣ ಸಾಲಕ್ಕೆ ಬರೋಣ. ಬ್ಯಾಂಕುಗಳನ್ನು ಒಂದೇ ಕಡೆ ತಲುಪಲು 2015ರ ಆಗಸ್ಟ್ 15ರಂದು ವಿದ್ಯಾಲಕ್ಷ್ಮಿ ತಂತ್ರಾಂಶ ಆರಂಭವಾಯಿತು. 2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನು ಒಪ್ಪಿತು. ಆರಂಭದಲ್ಲಿ 860 ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ಎಂಬುದು ಅದರ ಸಾರ. ಎಂಟು ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3 ನೆರವಿಗೂ ಅದರಲ್ಲಿ ಅವಕಾಶವಿದೆ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿಯಲ್ಲಿ. ಬೇರೆ ಕಾಲೇಜುಗಳಿಗೂ ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ. "ಹೊಲದ ಪತ್ರ ತನ್ನಿ" ಎಂದರೆ ಈ ಮಾತನ್ನು ವಿನಯದಿಂದಲೇ ನೆನಪಿಸಿ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದ ನನಗೆ ಬಡ್ಡಿಯ ಲೆಕ್ಕ ತಡವಾಗಿ ತಿಳಿಯಿತು. ನಿಮಗೆ ತಡವಾಗದಿರಲಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದಿರಿ ಎನ್ನಿ, ಬಡ್ಡಿ ಶೇ. 10. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಇಲ್ಲ. ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ ಐವತ್ತು ಸಾವಿರ, ಎರಡನೆಯದಕ್ಕೆ ನಲವತ್ತು, ಮೂರನೆಯದಕ್ಕೆ ಮೂವತ್ತು, ನಾಲ್ಕನೆಯದಕ್ಕೆ ಇಪ್ಪತ್ತು. ಮಗು ಮೊದಲ ಕಂತು ಕಟ್ಟುವ ದಿನ ಸಾಲ ನಾಲ್ಕು ಲಕ್ಷವಲ್ಲ, 5,40,000. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಈಗ ಮೇಲೆ ಹೇಳಿದ ನಡುವಿನವನ ಸಂಬಳವನ್ನು ಪಕ್ಕದಲ್ಲಿಟ್ಟು ನೋಡಿ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಸಂತ ಲೂಕನ ಶುಭಸಂದೇಶದಲ್ಲಿ ಪ್ರಭು ಹೇಳಿದ ಸಾಮತಿ ಇಂಥ ಸಂಜೆಗೂ ಸಲ್ಲುತ್ತದೆ. ಓದುತ್ತಿರುವಾಗಲೇ ತಿಂಗಳ ಬಡ್ಡಿ ಕಟ್ಟುತ್ತ ಬಂದರೆ ಸಾಲ ನಾಲ್ಕು ಲಕ್ಷದಲ್ಲೇ ನಿಲ್ಲುತ್ತದೆ. ಮೊದಲ ವರ್ಷ ಅದು ತಿಂಗಳಿಗೆ ಎಂಟುನೂರು ಚಿಲ್ಲರೆ, ಮುಂದೆ ಸಾಲದೊಂದಿಗೆ ಏರುತ್ತದೆ. ಲೆಕ್ಕ ಸರಿಹೋಗದಿದ್ದರೆ ಕಾಲೇಜನ್ನು ಬದಲಿಸಿ, ಅಥವಾ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷದ ಇಂಜಿನಿಯರಿಂಗ್ ಸೇರುವ ದಾರಿಯನ್ನು ಯೋಚಿಸಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಕಡೆಗೆ, ಬ್ಯಾಂಕ್ ಖಾತೆ. ವಿದ್ಯಾರ್ಥಿವೇತನದ ಹಣ ಬರುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಎಂದು ತಿಳಿಯಬೇಡಿ. ಆಧಾರ್ ಮೂಲಕ ಬರುವ ಹಣ, ಮಗುವಿನ ಆಧಾರ್ ಸಂಖ್ಯೆ ಎನ್‌ಪಿಸಿಐಯಲ್ಲಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಈ ಜೋಡಣೆ ಬೇರೆ. ಆಧಾರ್‌ನ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ಎಂಬಲ್ಲಿ ಒತ್ತಿದರೆ ಬ್ಯಾಂಕಿನ ಹೆಸರು ಕಾಣುತ್ತದೆ.

ನಮ್ಮ ಪಕ್ಕದ ಊರಿನ ಒಬ್ಬ ಹುಡುಗ ಎರಡು ವರ್ಷ ಅರ್ಜಿ ಹಾಕಿ, ಹಣ ಬಂದಿಲ್ಲವೆಂದು ಸರ್ಕಾರವನ್ನು ಬೈದು, ಕೊನೆಗೆ ಬಿಟ್ಟೇಬಿಟ್ಟಿದ್ದ. ತಾಯಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದು ಶುಲ್ಕ ಕಟ್ಟುತ್ತಿದ್ದರು. ಒಂದು ದಿನ ನನ್ನ ಮನೆಯಲ್ಲಿ ಕೂತು ಆ ಸ್ಥಿತಿಯನ್ನು ನೋಡಿದೆವು. ಕಂಡದ್ದು ಅವನು ಆರನೇ ತರಗತಿಯಲ್ಲಿದ್ದಾಗ ಶಾಲೆಯವರು ಮಾಡಿಸಿಕೊಟ್ಟಿದ್ದ ಖಾತೆಯ ಬ್ಯಾಂಕು. ಪಾಸ್‌ಬುಕ್ಕು ಎಲ್ಲಿದೆಯೋ ಯಾರಿಗೂ ನೆನಪಿರಲಿಲ್ಲ. ಸೋಮವಾರ ತಾಯಿ ಮಗ ಇಬ್ಬರೂ ಆಧಾರ್ ಕಾರ್ಡು ಹಿಡಿದು ಆ ಬ್ಯಾಂಕಿಗೆ ಹೋದರು. ಎರಡು ವರ್ಷದ ಹಣವೂ ಅಲ್ಲೇ ಇತ್ತು.